ನೂರನೆಯ ದೇಶ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ರಾಜಧಾನಿಯಿಂದ ಹಡಗು ಹತ್ತಿ ಬಂದು ಇನ್ನೂ ತಲೆಸುತ್ತು ಇಳಿಯದ ಮುಖ್ಯ ಅತಿಥಿಗಳೇ, ನಮ್ಮ ಫಿಜಿಯ ಹವ್ಯಾಸಿ ರೇಡಿಯೊ ಸಂಘದ ಗೆಳೆಯರೇ, ಬೆಳಿಗ್ಗೆಯೇ ನಾಮೊಲಿ ದ್ವೀಪದಿಂದ ದೋಣಿಯಲ್ಲಿ ಬಂದು ಮುಂದಿನ ಚಾಪೆಯ ಮೇಲೆ ಕುಳಿತಿರುವ ಬಂಧುಗಳೇ, ಸಭಿಕರೇ,

ಕಾರ್ಯದರ್ಶಿಗಳು ನನ್ನ ಬಗ್ಗೆ ಇಪ್ಪತ್ತು ನಿಮಿಷ ಮಾತನಾಡಿದರು. ಅಷ್ಟೊಂದು ಗುಣಗಳಿರುವ ಆ ಮನುಷ್ಯ ಯಾರಿರಬಹುದೆಂದು ನಾನೂ ಎರಡು ಸಲ ಹಿಂದೆ ತಿರುಗಿ ನೋಡಿದೆ. ಈ ಫಲಕದ ಮೇಲೆ ‘ಎಂದೂ ಮುಚ್ಚದ ಕಿವಿ, ಇಲಿಯೇಸಾ’ ಎಂದು ಕೆತ್ತಿಸಿದ್ದಾರೆ. ಏಳು ವರ್ಷದ ಹಿಂದಿನ ದೊಡ್ಡ ಚಂಡಮಾರುತದ ದಿನವೇ ನಾನು ನೂರನೆಯ ದೇಶದೊಂದಿಗೆ ಮಾತನಾಡಿದೆನೆಂದೂ ಅವರು ಹೇಳಿದರು. ನೀವು ಚಪ್ಪಾಳೆ ತಟ್ಟಿದಿರಿ. ನಾನು ಇಂದು ಉತ್ತರ ಕೊಡಬೇಕಾಗಿರುವುದು ಆ ಚಪ್ಪಾಳೆಗೆ.

ರೇಡಿಯೊ ಹುಚ್ಚು ನನಗೆ ಹಿಡಿದದ್ದು ಅಂಚೆ ಕಚೇರಿಯಲ್ಲಿ ಟೆಲಿಫೋನು ರಿಪೇರಿ ಮಾಡುತ್ತಿದ್ದಾಗ. ಹಳೆಯ ಬಿಡಿಭಾಗ ಜೋಡಿಸಿ ಮೊದಲ ಸೆಟ್ಟು ಕಟ್ಟಿದೆ. ಮೊದಲ ದಿನ ಸಿಕ್ಕವನು ಜಪಾನಿನ ಹಲ್ಲಿನ ಡಾಕ್ಟರು. ನಮ್ಮ ಹವ್ಯಾಸದಲ್ಲಿ ಹೀಗೆ ಮಾತನಾಡಿದವರು ಒಬ್ಬರಿಗೊಬ್ಬರು ಅಂಚೆಯಲ್ಲಿ ಕಾರ್ಡು ಕಳಿಸಬೇಕು. ಆ ಕಾರ್ಡೇ ಸಾಕ್ಷಿ. ನೂರು ದೇಶಗಳ ಕಾರ್ಡು ಸೇರಿದರೆ ಒಂದು ಪ್ರಶಸ್ತಿ ಪತ್ರ. ನಾನು ಅವನ್ನು ಗೋಡೆಗೆ ಅಂಟಿಸುತ್ತಾ ಹೋದೆ. ನನ್ನ ಹೆಂಡತಿ ಬಂದ ನೆಂಟರಿಗೆಲ್ಲ, “ನಮ್ಮನೆಗೆ ಬಣ್ಣ ಹೊಡ್ಸೋ ಕೆಲಸವೇ ಇಲ್ಲ ನೋಡಿ, ಇವರ ಸ್ನೇಹಿತರು ಎಲ್ಲಾ ಮುಚ್ಚಿಬಿಟ್ಟಿದ್ದಾರೆ” ಅನ್ನುತ್ತಿದ್ದಳು.

ಹದಿಮೂರು ವರ್ಷಕ್ಕೆ ತೊಂಬತ್ತೊಂಬತ್ತು ದೇಶಗಳಾದವು. ಚಿಲಿಯ ಬಡಗಿಯ ಮಗಳ ಮದುವೆ ಯಾವ ತಿಂಗಳೆಂದು ನನಗೆ ಗೊತ್ತಿತ್ತು. ಇಲ್ಲಿಂದ ಇಪ್ಪತ್ತು ಮೈಲಿ ದೂರದ ನಾಮೊಲಿಗೆ ಮಾತ್ರ ನಾನು ಒಮ್ಮೆಯೂ ಹೋಗಿರಲಿಲ್ಲ. ಅಲ್ಲಿಂದ ಕಾರ್ಡು ಬರುವುದಿಲ್ಲವಲ್ಲ? ಇದನ್ನು ಹೇಳಬೇಕೆಂದು ಬರೆದುಕೊಂಡಿರಲಿಲ್ಲ, ಬಾಯಿಗೆ ಬಂತು.

ಚಂಡಮಾರುತದ ದಿನ ನನ್ನ ಮೇಜಿನ ಮೇಲೆ ಎರಡು ಸೆಟ್ಟುಗಳಿದ್ದವು. ಚಿಕ್ಕದು ಸುತ್ತಲಿನ ದ್ವೀಪಗಳಿಗೆ, ದೊಡ್ಡದು ಲೋಕಕ್ಕೆ. ನಮ್ಮ ಊರಿಗೆ ತಗುಲಿದ್ದು ಅಂಚಿನ ಗಾಳಿ ಮಾತ್ರ. ನಾಮೊಲಿ ಅದರ ನಟ್ಟನಡುವೆ ಸಿಕ್ಕಿತ್ತು. ಹವಾಮಾನ ಕಚೇರಿಯವರು ಹೇಳಿದ ಲೆಕ್ಕವನ್ನು ನನ್ನ ಕೈಯಾರೆ ಚೀಟಿಯಲ್ಲಿ ಬರೆದಿದ್ದೆ. ಚಂಡಮಾರುತದ ಕಣ್ಣು ಬಹಳ ಚಿಕ್ಕದು, ಅದು ಹಾದುಹೋಗುವಾಗ ಗಾಳಿ ನಿಲ್ಲುವುದು ಹದಿನೈದು ನಿಮಿಷ, ಆಮೇಲೆ ಎದುರು ದಿಕ್ಕಿನಿಂದ ಮತ್ತೆ ಬೀಸುತ್ತದೆ.

ಮಧ್ಯಾಹ್ನ ಮೂರಕ್ಕೆ ದೊಡ್ಡ ಸೆಟ್ಟಿನಲ್ಲಿ ಐಸ್‌ಲ್ಯಾಂಡಿನವನೊಬ್ಬ ಕೇಳಿಸಿದ. ನೂರನೆಯ ದೇಶ. ಅವನ ದನಿ ಬರುತ್ತಿತ್ತು, ಮುಳುಗುತ್ತಿತ್ತು, ಮತ್ತೆ ಬರುತ್ತಿತ್ತು. ಅದೇ ಹೊತ್ತಿಗೆ ಚಿಕ್ಕ ಸೆಟ್ಟಿನಲ್ಲಿ ನಾಮೊಲಿಯ ನರ್ಸ್ ಸೇನಿಮಿಲಿ ಕರೆದಳು.

“ಇಲಿಯೇಸಾ ಮಾವ, ಗಾಳಿ ನಿಂತಿದೆ. ಎಷ್ಟು ಹೊತ್ತು ನಿಂತಿರುತ್ತೆ? ಟೆವಿಟಾ ದ್ವೀಪದ ಆ ತುದಿಗೆ ಹೋಗಿ ಅವನ ಅತ್ತೇನ ಎತ್ಕೊಂಡು ಬರ್ತೀನಿ ಅಂತಿದ್ದಾನೆ. ಹೋಗಿ ಬರೋಕೆ ಅರ್ಧ ಗಂಟೆ ಬೇಕು. ಕಳಿಸ್ಲಾ, ಬೇಡವಾ?”

ಸಭಿಕರೇ, ನಾನು ಹೇಳಬೇಕಿದ್ದದ್ದು ಎಷ್ಟು? ‘ಬೇಡ’ ಅಂದಿದ್ದರೆ ಸಾಕಿತ್ತು. ಚೀಟಿ ನನ್ನ ಮೊಣಕೈ ಕೆಳಗೇ ಇತ್ತು. ನಾನು ಚಿಕ್ಕ ಸೆಟ್ಟಿನ ಗುಂಡಿ ಒತ್ತಿ, “ಕಾಯಿ ಮಗಳೇ, ನಿನ್ನ ಸರದಿ ಬರುತ್ತೆ” ಅಂದೆ. ಐಸ್‌ಲ್ಯಾಂಡಿನವನ ಕಡೆ ತಿರುಗಿದೆ.

ಅವಳು ಮತ್ತೆರಡು ಸಲ ಕರೆದಳು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, “ಆ ಹುಡುಗಿ ಮೂರು ಸಲ ಕೂಗಿದ್ಲು, ನಿಮಗೆ ಕೇಳಿಸ್ಲಿಲ್ವಾ?” ಅಂದಳು.

“ಕೇಳಿಸ್ತು ಕಣೇ. ಒಂದು ನಿಮಿಷ ಸುಮ್ನಿರು” ಅಂದೆ.

ಆ ಒಂದು ನಿಮಿಷ ಹನ್ನೊಂದು ನಿಮಿಷವಾಯಿತು. ಐಸ್‌ಲ್ಯಾಂಡಿನವನ ಹೆಸರು ಬರೆದುಕೊಂಡೆ, ನನ್ನ ವಿಳಾಸವನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ನಗುನಗುತ್ತಲೇ ಚಿಕ್ಕ ಸೆಟ್ಟಿಗೆ ಬಂದು, “ಹದಿನೈದೇ ನಿಮಿಷ, ಯಾರನ್ನೂ ಕಳಿಸಬೇಡ” ಅಂದೆ.

“ಅವನು ಹೋಗಿಯಾಯ್ತು ಮಾವ” ಅಂದಳು ಸೇನಿಮಿಲಿ.

ಟೆವಿಟಾ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಕೆಲವೇ ಹೆಜ್ಜೆ ಬಂದಿದ್ದ. ಗಾಳಿ ತಿರುಗಿದಾಗ ಅವಳನ್ನು ಬಂಡೆಯ ಸಂದಿಯಲ್ಲಿ ಕೂರಿಸಿ, ತಾನು ಆ ಸಂದಿಯ ಬಾಯಿಗೆ ಅಡ್ಡ ನಿಂತ. ಅತ್ತೆ ಉಳಿದರು. ಅವನನ್ನು ಅಲೆ ಎಳೆದುಕೊಂಡು ಹೋಯಿತು. ಅವನಿಗೆ ಮೂವತ್ತೊಂದು ವರ್ಷ.

ವಿಚಾರಣೆಗೆ ಬಂದವರಿಗೆ ಸೇನಿಮಿಲಿ, “ಬರೀ ಕರಕರ ಸದ್ದು. ಅವರಿಗೆ ನಮ್ಮ ದನಿ ಕೇಳಿಸ್ಲೇ ಇಲ್ಲ” ಎಂದು ಹೇಳಿದಳು. ತಿಂಗಳಾದ ಮೇಲೆ ನಮ್ಮ ಮನೆಗೆ ಬಂದಳು. ಬೈಯುತ್ತಾಳೆಂದುಕೊಂಡೆ, ಬೈಯಲಿ ಎಂದೂ ಆಸೆಪಟ್ಟೆ. ಅವಳು ಚಹಾ ಮುಟ್ಟದೆ, “ಮಾವ, ನಿಮ್ಮನ್ನ ಉಳಿಸೋಕೆ ನಾನು ಸುಳ್ಳು ಹೇಳ್ಲಿಲ್ಲ. ಇನ್ನೊಂದು ಗಾಳಿ ಬಂದ್ರೆ ನಮ್ಮ ಜನ ಯಾರನ್ನ ಕೇಳ್ಬೇಕು? ನಿಮ್ಮ ಮೇಲೆ ನಂಬಿಕೆ ಹೋದ್ರೆ ಅವರು ಸೆಟ್ಟನ್ನೇ ಹಾಕೋದಿಲ್ಲ” ಅಂದಳು. ಅವಳೀಗ ವರ್ಗವಾಗಿ ಬೇರೆ ದ್ವೀಪದಲ್ಲಿದ್ದಾಳೆ. ನಾನು ನಾಚಿಕೆಯಿಂದ ಅವಳಿಗೆ ಒಂದು ಕಾಗದವನ್ನೂ ಬರೆದಿಲ್ಲ.

ಆಮೇಲೆ ದೊಡ್ಡ ಸೆಟ್ಟನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿದೆ. ಐಸ್‌ಲ್ಯಾಂಡಿನ ಕಾರ್ಡು ಬಂತು, ಅದರ ಮೇಲೆ ಒಂದು ಕುದುರೆಯ ಚಿತ್ರವಿದೆ. ಅಂಟಿಸಲಿಲ್ಲ, ಹರಿಯಲೂ ಇಲ್ಲ. ಅಲ್ಲಿಂದೀಚೆಗೆ ಬಂದ ನಾಲ್ಕು ಚಂಡಮಾರುತಗಳಲ್ಲಿ ನಾನು ಚಿಕ್ಕ ಸೆಟ್ಟು ಬಿಟ್ಟು ಏಳಲಿಲ್ಲ ನಿಜ, ಮಾಡು ಹಾರಿಹೋದಾಗಲೂ ಟಾರ್ಪಾಲು ಹೊದ್ದು ಕುಳಿತಿದ್ದೆ ನಿಜ. ಕಾರ್ಯದರ್ಶಿಗಳು ಅದನ್ನು ಸೇವೆ ಅಂದರು. ಸ್ವಾಮೀ, ಅದು ಸೇವೆಯಲ್ಲ. ಎದ್ದರೆ ಎಲ್ಲಿ ಆ ಹುಡುಗಿಯ ದನಿ ಮತ್ತೆ ಕರೆಯುತ್ತದೋ ಎಂಬ ಭಯ.

ಇವತ್ತು ಬೆಳಿಗ್ಗೆ ಹೆಂಡತಿ ಈ ಅಂಗಿಗೆ ಇಸ್ತ್ರಿ ಹಾಕುತ್ತಾ, “ಏಳು ವರ್ಷದಿಂದ ನಾನೂ ಬಾಯಿ ಮುಚ್ಕೊಂಡಿದ್ದೀನಿ. ಇವತ್ತು ಹೇಳೋದಿಲ್ಲ ಅಂದ್ರೆ ಆ ಹಲಗೆ ನನ್ನ ಮನೆ ಒಳಗೆ ಬರೋದು ಬೇಡ” ಅಂದಳು. ಅವಳು ಹಿಂದಿನ ಸಾಲಿನಲ್ಲಿದ್ದಾಳೆ. ಹೇಳಿದೆ ಕಣೇ.

ಅಧ್ಯಕ್ಷರೇ, ನನ್ನ ಕೊರಳಲ್ಲಿರುವ ಈ ಹಾರವನ್ನು ಕಟ್ಟಿಕೊಂಡು ಬಂದವಳು ಟೆವಿಟಾನ ಹೆಂಡತಿ ಲೋಸಾನಾ. “ನಮ್ಮ ದನಿ ಕೇಳಿದ್ರೆ ನೀವು ಖಂಡಿತ ಹೇಳ್ತಿದ್ರಿ ಅಂತ ನನಗೆ ಗೊತ್ತು ಮಾವ” ಎಂದು ಹೇಳಿ ಹಾಕಿದಳು. ಲೋಸಾನಾ, ತಾಯೀ, ನನಗೆ ಕೇಳಿಸಿತ್ತು. ಚೆನ್ನಾಗಿಯೇ ಕೇಳಿಸಿತ್ತು.

ಈ ಹಾರವನ್ನು ತೆಗೆದು ಮೇಜಿನ ಮೇಲಿಡುತ್ತೇನೆ, ಫಲಕವನ್ನೂ ಪಕ್ಕದಲ್ಲೇ ಇಡುತ್ತೇನೆ. ನನ್ನ ಚೀಲದಲ್ಲಿ ಒಂದು ತಿಮಿಂಗಿಲದ ಹಲ್ಲಿದೆ, ನನ್ನ ಅಜ್ಜನ ಕಾಲದ್ದು. ತಪ್ಪು ಮಾಡಿದವನು ಅದನ್ನು ಎರಡೂ ಕೈಯಲ್ಲಿ ಹಿಡಿದು ನೊಂದವರ ಮುಂದೆ ನೆಲಕ್ಕೆ ಕೂತರೆ ಕ್ಷಮೆ ಕೇಳುತ್ತಿದ್ದಾನೆಂದು ಫಿಜಿಯ ಸಭೆಗೆ ಹೇಳಬೇಕಿಲ್ಲ. ಕೈಚಾಚಿ ತೆಗೆದುಕೊಳ್ಳುವುದು, ಬಿಡುವುದು ಟೆವಿಟಾನ ಮನೆಯವರಿಗೆ ಬಿಟ್ಟದ್ದು. ಅವಸರ ಮಾಡಬೇಡಿ ಲೋಸಾನಾ.

ಕರೆದ ಸಂಘಕ್ಕೆ, ಕೇಳಿಸಿಕೊಂಡ ನಿಮಗೆಲ್ಲರಿಗೂ ಕೃತಜ್ಞತೆಗಳು. ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ. ನಾನೀಗ ಕೆಳಗಿಳಿದು ಆ ಚಾಪೆಯ ಅಂಚಿನಲ್ಲಿ ಕೂರುತ್ತೇನೆ. ಇನ್ನು ಕಾಯುವ ಸರದಿ ನನ್ನದು. ನಮಸ್ಕಾರ.