ಸೆರಗು ಹಿಡಿದವಳು

ನಗುವವರು ಈಗಲೇ ನಕ್ಕುಬಿಡಿ. ಇದು ನನ್ನ ಕಾಕಾನ ಮಗ ಅಮಿತನಿಗೆ ಆದದ್ದು, ಹೋದ ವರ್ಷ, ಪಾಲಬಾವಿಯಲ್ಲಿ.

ಊರು ಮಲಗಿತ್ತು. ಅಮಿತ ಮತ್ತು ನಮ್ಮ ದೊಡ್ಡವ್ವ ತುಳಸವ್ವ ಕಬ್ಬಿನ ಹೊಲದ ದಾರಿ ಹಿಡಿದು ಮನೆಗೆ ಹೊರಟಿದ್ದರು. ಅಮಿತನ ಹೆಗಲಿಗೆ ರೆಕಾರ್ಡಿಂಗ್ ಚೀಲ. ಅದರಲ್ಲಿ ಸಂಜೆಯಿಂದ ದೊಡ್ಡವ್ವನ ಕೈಲಿ ಹಾಡಿಸಿದ ಒಂದೇ ಪದ... ಪ್ರತಿ ಸಲವೂ ರೆಕಾರ್ಡಿಂಗ್ ಕೆಟ್ಟದ್ದು.

ಬೆಳಗಾದರೆ ದೊಡ್ಡವ್ವ ಮಿರಜಿನ ಆಸ್ಪತ್ರೆಗೆ ಹೋಗಬೇಕು. ಕೊರಳಲ್ಲಿ ಗಂಟು. ತೆಗೆದರೆ ಜೀವ ಉಳಿದೀತು, ದನಿಯ ಭರವಸೆ ಇಲ್ಲ ಎಂದಿದ್ದರು ಡಾಕ್ಟರು. ಆ ಪದ ಕಟ್ಟಿದವಳು ಅವಳ ಜೊತೆ ಭಜನೆ ಹಾಡುತ್ತಿದ್ದ ಗೆಳತಿ ಗಿರಿಜವ್ವ. ಅವಳು ತೀರಿಹೋಗಿದ್ದಳು. ಪದ ಉಳಿದದ್ದು ದೊಡ್ಡವ್ವನ ಕೊರಳಲ್ಲಿ ಮಾತ್ರ.

ದೊಡ್ಡವ್ವನದು ಕಂಚಿನ ಕಂಠ. ಮೊದಲ ಸಾಲು ಕೂಸಿನ ಕಿವಿಯಲ್ಲಿ ಹೇಳಿದಷ್ಟು ಮೆಲ್ಲಗೆ. ಏರು ಸಾಲಿಗೆ ಬಂದಳೋ, ಯಂತ್ರದ ಕೆಂಪು ದೀಪ ಹತ್ತಿ, ಹೆಡ್‌ಫೋನಿನಲ್ಲಿ ದನಿ 'ಕರ್ರ್...' ಎಂದು ಒಡೆಯುತ್ತಿತ್ತು. ಒಡೆದ ದನಿ ಒಡೆದ ಗಡಿಗೆ, ಆಮೇಲೆ ಕೂಡಿಸಲಾಗದು. ಯಂತ್ರದ ಮಟ್ಟ ಇಳಿಸಿದರೆ ಮೆಲ್ಲನೆಯ ಸಾಲು ಗುಂಯ್‌ಗುಡುವ ಸದ್ದಿನಲ್ಲಿ ಮುಳುಗುತ್ತಿತ್ತು. ಏರು ಬಂದಾಗ ಒಂದು ಹೆಜ್ಜೆ ಹಿಂದೆ ಸರಿ ಎಂದು ಅಮಿತ ಕೈಮುಗಿದು ಹೇಳಿದ್ದ. ಅವಳು ತಲೆಯಾಡಿಸುತ್ತಿದ್ದಳು, ಹಾಡಲು ನಿಂತರೆ ಮರೆಯುತ್ತಿದ್ದಳು. ಭಜನೆಯಲ್ಲಿ ಇಬ್ಬರಿಗೂ ಒಂದೇ ಮೈಕು. ಇವಳು ದನಿ ಏರಿಸಿದಾಗೆಲ್ಲ ಗಿರಿಜವ್ವನೇ ಹಿಂದೆ ನಿಂತು ಸೆರಗು ಹಿಡಿದು ಎಳೆಯುತ್ತಿದ್ದಳು.

ಬಾವಿ ಬಂತು. ಗಿರಿಜವ್ವ ಕಾಲು ಜಾರಿ ಬಿದ್ದು ತೀರಿಹೋದ ಬಾವಿ. ಒಂದು ಕಡೆ ಕಟ್ಟೆ ಕುಸಿದಿದೆ.

ದೊಡ್ಡವ್ವ ನಿಂತಳು.

"ಇಲ್ಲೇ ಒಮ್ಮೆ ಹಾಡ್ತೀನಿ."

"ಇಲ್ಲಿ ಬ್ಯಾಡ, ದೊಡ್ಡವ್ವಾ..."

"ನಾಳಿಗಿ ನನ್ನ ಬಾಯಾಗ ಏನ್ ಉಳಿತೈತೋ, ತಮ್ಮಾ?"

ಅಮಿತ ಚೀಲದಿಂದ ಮೈಕು ತೆಗೆದು ನೆಲದ ಮೇಲೆ ನಿಲ್ಲಿಸಿದ. ಅವಳು ಬಾವಿಗೆ ಬೆನ್ನು ಮಾಡಿ ನಿಂತಳು. ಅಮಿತ ನೆಲದಲ್ಲಿ ಕೂತು ಕೆಂಪು ದೀಪವನ್ನೇ ನೋಡುತ್ತಿದ್ದ.

ಮೆಲ್ಲನೆಯ ಸಾಲು ಮುಗಿಯಿತು. ಆಗ... 'ಕಿಣ್'. ಬಳೆಯ ಸದ್ದು. ಸದ್ದಾಗಬಾರದೆಂದು ದೊಡ್ಡವ್ವ ಸಂಜೆಯೇ ಬಳೆಗೆ ಬಟ್ಟೆ ಸುತ್ತಿದ್ದಳು. ಏರು ಸಾಲು ಬಂತು. ದೀಪ ಹತ್ತಲಿಲ್ಲ. ದನಿ ತುಂಬಿ ಬಂತು, ಒಡೆಯಲಿಲ್ಲ. ಮತ್ತೆ ಮೆಲ್ಲಗೆ, ಮತ್ತೆ 'ಕಿಣ್', ಮತ್ತೆ ಏರು. ಅಮಿತನ ಕಣ್ಣಲ್ಲಿ ನೀರು ಬಂತು. ಉಳಿದದ್ದು ಕಡೆಯ ಏರು, ಎಲ್ಲಕ್ಕಿಂತ ದೊಡ್ಡದು. ಅವನು ತಲೆ ಎತ್ತಿದ.

ದೊಡ್ಡವ್ವ ಕುಸಿದ ಕಟ್ಟೆಯ ಅಂಚಿನಲ್ಲಿದ್ದಳು. ಕಣ್ಣು ಮುಚ್ಚಿತ್ತು. ಸೆರಗು ಹಿಂದಕ್ಕೆ, ಬಾವಿಯ ಮೇಲೆ, ಬಿಗಿಯಾಗಿ ಚಾಚಿತ್ತು. ಗಾಳಿ ಇರಲಿಲ್ಲ... ಕಬ್ಬಿನ ಒಂದು ಗರಿಯೂ ಅಲುಗುತ್ತಿರಲಿಲ್ಲ.

ಕೂಗಿದರೆ ಬೆಚ್ಚಿ ಬೀಳುತ್ತಾಳೆ. ಅಮಿತ ತೆವಳುತ್ತ ಹೋಗಿ ಅವಳ ಎರಡೂ ಕೈ ಹಿಡಿದ. ಆ ಕಡೆಯಿಂದಲೂ ಎಳೆತ ಇತ್ತು. ಅವನ ಅಂಗಾಲು ಮಣ್ಣಲ್ಲಿ ಜಾರತೊಡಗಿತು. ಬಿಡು ಗಿರಿಜವ್ವಾ, ನಿನ್ನ ಪದ ಮುಗಿಯಲಿ, ಇವಳನ್ನು ಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡ. ದೊಡ್ಡವ್ವ ನಡುವೆ ನಿಂತು ಹಾಡುತ್ತಲೇ ಇದ್ದಳು.

ಪದ ಮುಗಿಯಿತು. ಸೆರಗು ಸಡಿಲಾಗಿ ಬಿತ್ತು. ಕೆಳಗೆ ನೀರಲ್ಲಿ 'ಗುಳುಕ್' ಎಂದಿತು, ಒಂದೇ ಸಲ.

"ಅಷ್ಟ್ಯಾಕ ಹಿಂದ ಸರಿದಿ?" ಅಮಿತ ಪಿಸುಗುಟ್ಟಿದ.

"ನಾ ಎಲ್ಲಿ ಸರಿದ್ನೋ... ಅಕಿ ಎಳದ್ಲಲ್ಲ."

ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ದೊಡ್ಡವ್ವ ದಿನಾ ಸಂಜೆ ಗೋಡೆಗೆ ಒರಗಿ ಮೊಬೈಲಿನಲ್ಲಿ ಆ ಪದ ಹಚ್ಚಿಕೊಂಡು ಕೇಳುತ್ತಾಳೆ. ಹೋದ ಸೋಮವಾರ ನಾನು ಪಕ್ಕದಲ್ಲೇ ಕೂತಿದ್ದೆ. ಬೇಕಾದರೆ ನೀವೂ ಬಂದು ಕೂಡ್ರಿ. ಮೊಬೈಲಿನಲ್ಲಿ 'ಕಿಣ್' ಎಂದಾಗ ಅವಳ ಹೆಗಲ ಮೇಲೆ ಸೆರಗು ಬಿಗಿಯಾಗುತ್ತದೆ. ಏರು ಸಾಲು ಮುಗಿದ ಮೇಲೆ ಸಡಿಲಾಗುತ್ತದೆ. ಬೆನ್ನ ಹಿಂದೆ ಇರುವುದು ಗೋಡೆ.