ಅಪ್ಪ ಆಡಿಸುತ್ತಿದ್ದ ಪುಸ್ತಕದಾಟ

ಬಸ್ ನಿಲ್ದಾಣದ ಬೆಂಚಿನ ಮೇಲೆ ಬಟ್ಟೆಯ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಟೈಲರಮ್ಮನಿಗೆ ಪಕ್ಕದ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ತಂಗಿಗೆ ಲೈಬ್ರರಿಯಲ್ಲಿ ಕೆಲಸ. ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಬರುವ ಮಕ್ಕಳಿಗೆ ಯಾವ ಆಟ ಆಡಿಸುವುದೆಂದು ಪಟ್ಟಿ ಬರೆಯುತ್ತಿದ್ದಳು.

“ಚೆಸ್ಸು, ಕೇರಮ್ಮು, ಚಿತ್ರ ಬಿಡಿಸೋದು. ಇನ್ನೊಂದು ಹೇಳಕ್ಕ.”

“ಅಪ್ಪ ಆಡಿಸ್ತಿದ್ರಲ್ಲ, ಪುಸ್ತಕ ಹುಡುಕೋ ಆಟ. ಅದನ್ನ ಬರಿ.”

“ಅಯ್ಯೋ, ಹೌದಲ್ವಾ! ಅಮ್ಮ ಕೆಲಸದಿಂದ ಬರೋ ತನಕ ನಾವಿಬ್ರೂ ಲೈಬ್ರರಿಲೇ ಬಿದ್ದಿರ್ತಿದ್ವಿ. ಅಪ್ಪ ಅಲ್ಲೇ ಕಸ ಗುಡಿಸೋ ಕೆಲಸ ಮಾಡ್ತಾ, ‘ರಟ್ಟಿನ ಮೇಲೆ ಹಡಗಿರೋ ಪುಸ್ತಕ ತನ್ನಿ ನೋಡೋಣ’ ಅನ್ನೋರು.”

“ಮೊದಲು ತಂದೋರು ಒಂದು ಪುಟ ಗಟ್ಟಿಯಾಗಿ ಓದ್ಬೇಕಿತ್ತು.”

“ಒಂದ್ಸಲ ಓದಿದ್ರೆ ಸಾಲ್ತಿರ್ಲಿಲ್ಲ, ಇನ್ನೊಂದ್ಸಲ ಓದಿಸೋರು. ಪಾಪ, ಆಗ್ಲೇ ಕಿವಿ ಮಂದ ಆಗಿತ್ತೇನೋ.”

ಅಕ್ಕ ನಕ್ಕಳು. “ಕಿವಿಗೇನಾಗಿತ್ತೇ? ಅವರಿಗೆ ಓದೋಕೆ ಬರ್ತಿರ್ಲಿಲ್ಲ.”

ತಂಗಿಯ ಪೆನ್ನು ನಿಂತಿತು. “ಸುಮ್ನಿರಕ್ಕ. ಅಷ್ಟು ವರ್ಷ ಅಲ್ಲೇ ಇದ್ರು.”

“ಅದಕ್ಕೇ ರಟ್ಟಿನ ಚಿತ್ರ ಎಲ್ಲಾ ಬಾಯಿಪಾಠ. ಒಳಗೇನಿದೆ ಅಂತ ನಮ್ಮಿಂದ್ಲೇ ಕೇಳಿ ತಿಳ್ಕೊಳ್ಳೋರು. ನಿನಗೆ ಹೇಳ್ಬೇಡ ಅಂದಿದ್ರು. ನೀನು ಅವರನ್ನ ದೊಡ್ಡ ಪಂಡಿತ ಅನ್ಕೊಂಡಿದ್ದೆ.”

ತಂಗಿ ಅಂಗೈಯಿಂದ ಕಣ್ಣೊರೆಸಿಕೊಂಡಳು. ಟೈಲರಮ್ಮ ರಸ್ತೆಯ ಕಡೆ ಮುಖ ತಿರುಗಿಸಿದಳು.

“ಆಟ ಬರ್ಕೊಂಡೆ. ಆದ್ರೆ ಮಕ್ಕಳು ಓದಿದ್ದನ್ನ ಅಷ್ಟು ಆಸೆಯಿಂದ ಕೇಳೋರು ಯಾರಕ್ಕ?”

“ಬುಧವಾರ ನನಗೆ ರಜ. ನಾನು ಬರ್ತೀನಿ.”

“ಬಂದು ನಿದ್ದೆ ಹೊಡೀಬೇಡ ಮತ್ತೆ.”

ಬಸ್ಸು ಬಂತು. ಇಬ್ಬರೂ ಕೈ ಹಿಡಿದುಕೊಂಡು ಹತ್ತಿದರು. ಕಿಟಕಿಯಲ್ಲಿ ಅಕ್ಕ ಇನ್ನೂ ಏನೋ ಹೇಳುತ್ತಿದ್ದಳು. ತಂಗಿ ಪಟ್ಟಿ ಮರೆತು ಅವಳ ಬಾಯನ್ನೇ ನೋಡುತ್ತಿದ್ದಳು.