ಮನೆ ಕಡೆಗಷ್ಟೇ ಸುಣ್ಣ

ನಿಂಗೊಂದು ಅಭ್ಯಾಸ ಇದೆ ಕೀರ್ತನಾ, ಗೊತ್ತಾ? ಏನಾದ್ರೂ ಕೇಳ್ಬೇಕು ಅಂದ್ರೆ ಮೊದ್ಲು ಕನ್ನಡಕ ತೆಗೆದು ದುಪಟ್ಟಾ ತುದೀಲಿ ಒರೆಸ್ತೀಯ. ಒಂದ್ಸಲ ಅಲ್ಲ, ಎರಡೆರಡು ಸಲ. ಈಗ ಒರೆಸಿದ್ದಾಯ್ತಲ್ಲ, ಕೇಳು! ಎದುರು ಮನೆ ಶಿವಕ್ಕ ಆಂಟಿ ನಾನು, ನಿನ್ನ ನುಂಗ್ಬಿಡ್ತೀನಾ?

ಏನು... ಮರಕ್ಕೆ ಸುಣ್ಣ ಯಾಕೆ ಅಂತಾನಾ? ಅಷ್ಟೇನಾ! ಇಷ್ಟು ಓದಿದೀಯ, ಫೋನಲ್ಲಿ ಇಂಗ್ಲಿಷು ಟಪಟಪ ಅಂತೀಯ, ಇದು ಗೊತ್ತಿಲ್ವಾ? ಗೆದ್ದಲು ಕಣೇ, ಗೆದ್ದಲು. ಸುಣ್ಣ ಇದ್ರೆ ಹತ್ತಲ್ಲ. ಆಮೇಲೆ ಬಿಸಿಲು. ತೊಗಟೆ ಬಿರಿಯುತ್ತೆ, ಸುಣ್ಣ ತಂಪು... ಬಕೆಟ್ ಮುಟ್ಬೇಡ, ಕೈ ಸುಟ್ಟುಹೋಗುತ್ತೆ! ಇನ್ನು ದೊಡ್ಡೋರು ಯಾರಾದ್ರೂ ಬರ್ತಾರೆ ಅಂದ್ರೆ ಕೇಳ್ಲೇಬೇಡ. ಹೋದ ವರ್ಷ ಪಾರ್ಕ್ ಉದ್ಘಾಟನೆಗೆ ನಮ್ಮ ಬಸವೇಶ್ವರನಗರದಲ್ಲಿ ನಿಂತಿದ್ದಕ್ಕೆಲ್ಲ ಬಳಿದ್ರು. ಕಂಬ, ಕಲ್ಲು, ಮರ... ನಿಂತಿದ್ದ ಸ್ಕೂಟರ್ ಚಕ್ರಕ್ಕೂ ಒಂದು ಪಟ್ಟೆ! ನಮ್ಮನೆಯವರು, ನಿಮ್ಮಂಕಲ್ಲು, ಗಾಲಿಕುರ್ಚೀಲಿ ಕೂತಿದ್ರು, ಅದಕ್ಕೇ ಬಚಾವು.

ಹಾಂ, ನಗು. ನಗೋಕೂ ಬಾಯಿಗೆ ಕೈ ಅಡ್ಡ ಇಡ್ಬೇಕಾ?

ಇನ್ನೊಂದಿದೆ. ಗಾಡಿಯೋರಿಗೆ ದೂರದಿಂದ್ಲೇ ಮರ ಕಾಣ್ಲಿ ಅಂತ. ಲೈಟು ಬಿದ್ರೆ ಬೆಳ್ಳಗೆ ಹೊಳೆಯುತ್ತೆ... ಯಾಕೆ, ಮರಕ್ಕೆ ಸುತ್ತು ಹೊಡೀತಿದೀಯ? ಹೌದು, ರಸ್ತೆ ಕಡೆ ಹಚ್ಚಿಲ್ಲ. ಮನೆ ಕಡೆ ಮೊದ್ಲು. ಆ ಕಡೆ... ಆಮೇಲೆ. ನನ್ನ ಸುಣ್ಣ, ನನ್ನಿಷ್ಟ! ಎಲ್ರೂ ಸೊಂಟದ ತನಕ ಹಚ್ತಾರೆ, ನಾನು ತಲೆ ತನಕ ಹಚ್ತೀನಿ. ಹಚ್ಬಾರ್ದು ಅಂತ ಕಾನೂನಿದೆಯಾ?

ಎಲೆ? ಯುಗಾದಿಯಾಗಿ ಮೂರು ವಾರ ಆಯ್ತು, ನಂಗೂ ಗೊತ್ತು. ಬೀದಿ ಹೊಂಗೆಯೆಲ್ಲ ಚಿಗುರಿವೆ, ಇದೊಂದು ಚಿಗುರಿಲ್ಲ. ಎಲ್ಲಾ ಒಟ್ಟಿಗೇ ಚಿಗುರ್ಬೇಕಾ? ಪರೀಕ್ಷೇಲಿ ಎಲ್ರೂ ಒಂದೇ ಸಲ ಪಾಸಾಗ್ತಾರಾ?

ಏಯ್! ಉಗುರಿಂದ ಕೆರೀಬೇಡ. ಇನ್ನೂ ಹಸಿ ಇದೆ. ಅದು ಗಂಟು. ಮರದ ಗಂಟು ಕಣೇ... ಬಿಡೇ ಅಂದ್ರೆ! ಮೇಣ. ಹೂಂ, ಮೇಣ. ಪೈಪ್ ಸೋರಿದ್ರೆ ಪ್ಲಂಬರ್ ತುಂಬ್ತಾನಲ್ಲ, ಅದೇ. ಏನೀಗ?

ಹಾಗೆ ನೋಡ್ಬೇಡ. ಬಯ್ಯಿ ಬೇಕಾದ್ರೆ, ನೋಡ್ಬೇಡ.

ನಾಲ್ಕು. ನಾಲ್ಕೇ ತೂತು. ನಾಯಂಡಹಳ್ಳಿ ವರ್ಕ್‌ಶಾಪಿಂದ ತೂತು ಕೊರೆಯೋ ಬೈರಿಗೆಯವನನ್ನ ಕರೆಸಿದ್ದು ನಾನೇ. ಆಸಿಡ್ ಹುಯ್ಸಿದ್ದೂ ನಾನೇ. ಹೂಂ, ನಾನೇ! ಗೇಟಿನ ಮುಂದೆ ಚಪ್ಪಡೀನೆಲ್ಲ ಬೇರು ಹೇಗೆ ಎತ್ತಿದೆ ನೋಡು. ಗಾಲಿಕುರ್ಚಿಗೆ ಅಂತ ಇಳಿಜಾರು ಹಾಕ್ಸಿದೆ, ಅದನ್ನೂ ಸೀಳ್ತು. ಡಿಸೆಂಬರಲ್ಲಿ ಅಂಕಲ್ ಕುರ್ಚಿ ಸಮೇತ ಮಗುಚ್ಕೊಂಡ್ರಲ್ಲ, ನೀನೇ ಓಡಿ ಬಂದು ಎತ್ತಿದ್ದೆ. ಅವತ್ತಿಂದ ಹೊಸ್ತಿಲು ದಾಟಿಲ್ಲ ಅವರು. ಕಾರ್ಪೊರೇಷನ್‌ಗೆ ಮೂರು ಅರ್ಜಿ ಕೊಟ್ಟೆ. ಹಸಿರು ಮರ, ಕಡಿಯಂಗಿಲ್ಲಮ್ಮ ಅಂದ್ರು. ಒಣಗಿದ್ರೆ? ಒಣಗಿದ್ರೆ ನಾವೇ ಬಂದು ತೆಗೀತೀವಿ ಅಂದ್ರು. ಸರಿ... ಒಣಗಿಸ್ದೆ!

ಕಂಪ್ಲೇಂಟ್ ಕೊಡ್ತೀಯಾ? ಕೊಡು. ಫೋಟೋ ತೆಗಿ, ಪಕ್ಕದಲ್ಲಿ ನಾನೂ ನಿಲ್ತೀನಿ, ಸೆರಗು ಸರಿಮಾಡ್ಕೊಂಡು. ನಂಗೆ ಯಾರ ಹೆದರಿಕೇನೂ ಇಲ್ಲ.

ನಿಮ್ಮಂಕಲ್ ಒಬ್ರನ್ನ ಬಿಟ್ಟು.

ಬೀದಿಯೋರಿಗೆ ಕಾಣ್ಬಾರ್ದು ಅಂತ ತೂತು ಈ ಕಡೆ ಕೊರೆಸ್ದೆ. ಅವರು ಮಾತ್ರೆ ತಗೊಂಡು ಮಲಗಿದ್ದಾಗ. ಬುದ್ಧಿವಂತೆ ನಾನು! ಅವರ ಮಂಚದ ಪಕ್ಕದ ಕಿಟಕೀನೂ ಈ ಕಡೇನೇ ಅನ್ನೋದು ತಲೇಗೇ ಬರ್ಲಿಲ್ಲ. ಎದ್ರೆ ಮರ, ಮಗ್ಗುಲಾದ್ರೆ ಮರ. ಅಳಿಲು ಬಂತು ಬಾರೇ ಅಂತ ಕೂಗ್ತಾರೆ, ಒಲೆ ಮೇಲೆ ಹಾಲಿದ್ರೂ ಹೋಗ್ಬೇಕು. ಅವರನ್ನ ಹೊರಗೆ ಕರ್ಕೊಂಡು ಹೋಗೋಣ ಅಂತ ಮಾಡಿದ್ದು ಕಣೇ ನಾನು... ಅವರಿಗೆ ಹೊರಗೆ ಅಂದ್ರೆ ಇದೇ ಆಗ್ಹೋಗಿತ್ತು, ನಂಗೇನು ಗೊತ್ತು? ಮೊನ್ನೆ ಕಪ್ಪಗೆ ರಸ ಇಳೀತಿರೋದು ನೋಡಿ, "ಏ ಇವಳೇ, ಮರಕ್ಕೇನೋ ಆಗಿದೆ, ಯಾರನ್ನಾದ್ರೂ ಕರೆಸು" ಅಂದ್ರು. ಅದಕ್ಕೇ ಸುಣ್ಣ. ಅದಕ್ಕೇ ಈ ಕಡೆ.

ನಾನು ಹೇಳಿದ್ರೆ ಅವರು ನಂಬಲ್ಲ. ಮದುವೆಯಾಗಿ ನಲವತ್ತು ವರ್ಷ ಆಯ್ತು, ನನ್ನ ಮುಖ ನೋಡಿದ್ರೇ ಗೊತ್ತಾಗ್ಬಿಡುತ್ತೆ. ನಿನ್ನ ನಂಬ್ತಾರೆ. ಆ ಹುಡುಗಿ ಮಾತಾಡೋದು ಕಮ್ಮಿ, ಆಡಿದ್ರೆ ನಿಜ ಅಂತಾರೆ. ಐದು ಗಂಟೆಗೆ ಪೇಪರ್ ಓದಿ ಹೇಳೋಕೆ ಬರ್ತೀಯಲ್ಲ, ಇವತ್ತು ಮರದ ವಿಷಯ ಕೇಳೇ ಕೇಳ್ತಾರೆ. ತಾನಾಗೇ ಒಣಗ್ತಿದೆ ಅಂಕಲ್, ಅಂದ್ಬಿಡು. ಅಷ್ಟೇ. ಒಂದೇ ಮಾತು.

ಹೇಳ್ತೀಯಾ?

ಕೀರ್ತನಾ... ಹೇಳ್ತೀಯಾ?